ಕಂಬಳಿ ಹಾಸದ ಸಭೆ

ಬುಧವಾರ ಬೆಳಗ್ಗೆ ಏಳರ ಬಸ್ಸಿಗೆ ಸಿಂಧನೂರು ಬಿಟ್ಟೆ. ಕಾಲ ಬಳಿ ಖಡಕ್ ರೊಟ್ಟಿಯ ಗಂಟು, ಒಂದು ಡಬ್ಬಿ ಶೇಂಗಾ ಹಿಂಡಿ, ಹೊಟ್ಟೆಯೊಳಗೆ ಸಿಟ್ಟು. ಸಿಟ್ಟಿಗೆ ಕಾರಣ ರದ್ದಿ ಪೇಪರು. ಊರಿನಲ್ಲಿ ನನ್ನದೊಂದು ರೊಟ್ಟಿ ಅಂಗಡಿ ಇದೆ. ರೊಟ್ಟಿ ಸುತ್ತಲು ಹಳೇ ಪೇಪರು ತರಿಸುತ್ತೇನೆ, ಸುತ್ತುವ ಮೊದಲು ಓದುತ್ತೇನೆ. ಹಾಗೆ ಓದುವಾಗ ಮೂಲೆಯಲ್ಲೊಂದು ಪ್ರಕಟಣೆ ಕಣ್ಣಿಗೆ ಬಿತ್ತು. ದೋಣಿಗುಡ್ಡವನ್ನು ರಕ್ಷಿತ ಉದ್ಯಾನ ಮಾಡುತ್ತಾರಂತೆ. ಅದರ ಮುಂದಿನ ಇಪ್ಪತ್ತು ವರ್ಷದ ಯೋಜನೆಗೆ ಸಾರ್ವಜನಿಕರು ತಮ್ಮ ಅಹವಾಲು ಹೇಳಬಹುದಂತೆ. ಸ್ಥಳ ಲಿಂಗಸುಗೂರು, ಬುಧವಾರ, ಹನ್ನೊಂದು ಗಂಟೆ.

ದೋಣಿಗುಡ್ಡ ಇರುವುದು ಮಸ್ಕಿಯ ಆಚೆ. ಅದರ ಕೆಳಗಿನ ದೊಡ್ಡಿ, ಕುರಿ ಕಾಯುವವರ ಸಣ್ಣ ಊರು, ನನ್ನ ತವರು. ಅಲ್ಲಿ ನನ್ನ ಸೋದರಮಾವ ಬೀರಪ್ಪ ಕುರಿ ಕಾಯುತ್ತಾನೆ, ದೊಡ್ಡಿಗೆಲ್ಲ ಹಿರಿಯ. ಫೋನು ಹಚ್ಚಿ ಕೇಳಿದರೆ ಮಾವನಿಗೆ ಸುದ್ದಿಯೇ ಇಲ್ಲ.

"ಗುಡ್ಡದ ಸಭಾನಾ? ಯಾರೂ ಡಂಗುರ ಹೊಡೆದಿಲ್ಲಲ್ಲಬೇ ನಿಂಗಿ. ನಮ್ಮ ಗುಡ್ಡದ ಮಾತು ಲಿಂಗಸುಗೂರಾಗ ಯಾಕ?"

ಯಾಕೆ ಎಂದು ನನಗೂ ತಿಳಿಯಲಿಲ್ಲ. ಗುಡ್ಡದ ಬುಡದಲ್ಲಿ ಪೇಪರು ಬರುವುದಿಲ್ಲ, ಓದುವವರೂ ಕಡಿಮೆ. ಪ್ರಕಟಣೆ ಕೊಟ್ಟವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕೊಟ್ಟರೇ? ಬಸ್ಸು ಮಸ್ಕಿ ಮುಟ್ಟುವವರೆಗೂ ಅದನ್ನೇ ಮೆಲುಕು ಹಾಕಿದೆ.

ದಾರಿಯ ಮೊದಲರ್ಧ ಕಾಲುವೆ ನೀರಿನ ಸೀಮೆ. ಎರಡನೇ ಬೆಳೆಯ ಭತ್ತ ಮೊಣಕಾಲೆತ್ತರ ನಿಂತಿತ್ತು. ಗಾಳಿಯಲ್ಲಿ ಎಣ್ಣೆ ಹೊಡೆದ ವಾಸನೆ. ನಮ್ಮಲ್ಲಿ ಬೆಳೆಗೆ ಸಿಂಪಡಿಸುವ ವಿಷಕ್ಕೆ ಎಣ್ಣೆ ಎನ್ನುತ್ತಾರೆ. ಆ ಗದ್ದೆಯ ನೀರು ಕುಡಿದ ಕುರಿ ಸಂಜೆಗೆ ಏಳುವುದಿಲ್ಲ. ಇನ್ನರ್ಧ ದಾರಿ ಒಣಭೂಮಿ, ಕರೀ ಹೊಲ, ಅಲ್ಲಲ್ಲಿ ಬಂಡೆ ಪೇರಿಸಿದ ಗುಡ್ಡ. ಮಾರ್ಚ್ ಅರ್ಧಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಮೇಲೆ ಸೀಟು ಸಿಗುವುದು ಪುಣ್ಯ; ನನಗೆ ಕಿಟಕಿಯೇ ಸಿಕ್ಕಿತ್ತು.

ಮಸ್ಕಿ ಬಸ್ ನಿಲ್ದಾಣದಲ್ಲಿ ಮಾವ, ದೊಡ್ಡಿಯ ನಾಲ್ಕೈದು ಗಂಡಸರು ಕಾದಿದ್ದರು. ಮಾವ ಇಸ್ತ್ರಿ ಹೊಡೆದ ಧೋತರ ಉಟ್ಟು, ಹೆಗಲ ಮೇಲೆ ಹೊಸಾ ಕರೀ ಕಂಬಳಿ ಹಾಕಿಕೊಂಡಿದ್ದ. ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು.

"ಈ ಬಿಸಲಾಗ ಕಂಬಳಿ ಯಾಕ ಮಾವಾ?"

"ಸಭಾ ಅಂದಮ್ಯಾಲೆ ಹಾಸಬೇಕಲ್ಲಬೇ. ಅವರು ತಂದಿರ್ತಾರ ಅಂತೀಯೇನು?"

ನಮ್ಮ ಮಂದಿಯ ಪದ್ಧತಿ ಅದು. ಮದುವೆ ಮಾತಿರಲಿ, ಅಣ್ಣತಮ್ಮರ ಕುರಿ ಪಾಲಿರಲಿ, ಮೇಯಿಸುವ ಜಾಗದ ಜಗಳವಿರಲಿ, ಹಿರಿಯ ಕಂಬಳಿ ಹಾಸುತ್ತಾನೆ. ಎರಡೂ ಕಡೆಯವರು ಚಪ್ಪಲಿ ಬಿಟ್ಟು ಅದರ ಮೇಲೆ ಕೂರುತ್ತಾರೆ. ಹಿರಿಯ ಮೊದಲು ಬಾಯಿ ತೆರೆಯುತ್ತಾನೆ, ಆಮೇಲೆ ಉಳಿದವರು. ಕಂಬಳಿ ಮೇಲೆ ಆಡಿದ ಮಾತು ಮಾತು. ಅದನ್ನು ಯಾರೂ ತಿರುಗಿಸುವುದಿಲ್ಲ. ನಿಂತು ಆಡಿದ್ದು, ಕಟ್ಟೆ ಮೇಲೆ ಕೂತು ಆಡಿದ್ದು ಬರೀ ಹರಟೆ.

ಲಿಂಗಸುಗೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತುಕೊಂಡೇ ಮಾವನಿಗೆ ಹೇಳಬೇಕಾದ ಮಾತನ್ನು ಎರಡೆರಡು ಸಲ ಹೇಳಿಸಿದೆ. ಮಾತು ಒಂದೇ. ಗುಡ್ಡದ ಮೇಲೆ ಬಂಡೆಯೊಳಗೆ ಒಂದು ದೋಣಿ, ಅಂದರೆ ನೀರು ನಿಲ್ಲುವ ಕಲ್ಲಿನ ಗುಂಡಿ, ಇದೆ. ಮಳೆಗಾಲದಲ್ಲಿ ತುಂಬಿದ್ದು ಬೇಸಿಗೆ ಪೂರ್ತಿ ಬತ್ತುವುದಿಲ್ಲ. ದೊಡ್ಡಿಯ ಬೋರಿನ ನೀರು ಮನೆಗಳಿಗೇ ಸಾಲದು. ಬೇಸಿಗೆಯಲ್ಲಿ ಕುರಿಗೆ ಈ ದೋಣಿಯೊಂದೇ ಗತಿ. ಅಲ್ಲಿಗೆ ಹೋಗುವ ಹಾದಿ ಬಿಟ್ಟು ಉಳಿದ ಗುಡ್ಡಕ್ಕೆ ಬೇಲಿ ಹಾಕಲಿ, ಬೇಡ ಅನ್ನುವವರು ಯಾರು? ಖರೇ ಹೇಳಬೇಕೆಂದರೆ ಉದ್ಯಾನ ಎಂದಾಗ ನನಗೆ ಖುಷಿಯೇ ಆಗಿತ್ತು. ಪಕ್ಕದ ಗುಡ್ಡವನ್ನು ಜಲ್ಲಿ ಕ್ರಷರಿನವರು ನಮ್ಮ ಕಣ್ಣೆದುರೇ ತಿಂದು ತೇಗಿದ್ದಾರೆ. ನಮ್ಮ ಗುಡ್ಡದಲ್ಲಿ ಕರಡಿ ಇವೆ, ನವಿಲಿವೆ. ಅವು ಉಳಿಯಲಿ. ಕುರಿಯೂ ಉಳಿಯಲಿ ಎಂದು ಹೇಳಲಿಕ್ಕೆ ಇಷ್ಟು ದೂರ ಹೊರಟಿದ್ದೆವು.

"ಹಾದಿ ಹೋದ್ರ?" ಎಂದು ಕೇಳಿದೆ.

"ಹೋದ್ರ ಕುರಿ ಮಾರೂದು," ಎಂದ ಮಾವ. "ಮತ್ತೇನೈತಿ?"

ಇಳಿದವರೇ ನಿಲ್ದಾಣದ ಎದುರು ವಗ್ಗಾಣಿ-ಮಿರ್ಚಿ ತಿಂದೆವು. ಮಿರ್ಚಿ ಬಿಸಿಯಾಗಿತ್ತು, ಚಹಾ ಹಾಲಿಲ್ಲದ ಕಷಾಯ. ಸಭೆಯ ಕಟ್ಟಡ ಹುಡುಕಲು ಮೂರು ಕಡೆ ಕೇಳಬೇಕಾಯಿತು. ಬಾಗಿಲಿಗೆ ದೊಡ್ಡ ಬ್ಯಾನರು: ಗುಡ್ಡದ ಭವಿಷ್ಯ, ಜನರ ಕೈಯಲ್ಲಿ. ಒಳಗೆ ಪ್ಲಾಸ್ಟಿಕ್ ಕುರ್ಚಿ, ಗಿರಗಿರ ತಿರುಗುವ ಫ್ಯಾನು. ಮುಂದಿನ ಸಾಲುಗಳಲ್ಲಿ ಯಾವುದೋ ಕಾಲೇಜಿನಿಂದ ಕರೆತಂದ ಹುಡುಗ-ಹುಡುಗಿಯರು ಮೊಬೈಲು ನೋಡುತ್ತ ಕೂತಿದ್ದರು. ಹಿಂದಿನ ಸಾಲಿನಲ್ಲಿ ನಾವು.

ಮಾವ ಕುರ್ಚಿ ಕಡೆ ನೋಡಲೂ ಇಲ್ಲ. ನೆಟ್ಟಗೆ ಮುಂದೆ ಹೋಗಿ, ವೇದಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಕಂಬಳಿ ಹಾಸಿ, ಅಂಚು ಸವರಿ ಸರಿಮಾಡಿದ. ಜವಾನ ಓಡಿ ಬಂದ.

"ಏ ಅಜ್ಜಾ, ಇದೇನಿದು? ತೆಗಿ, ತೆಗಿ! ಸಾಹೇಬ್ರು ಓಡಾಡೋ ಜಾಗಾ ಐತಿ. ಕುರ್ಚಿ ಮ್ಯಾಲೆ ಕುಂದ್ರು ಹೋಗು."

"ಸಭಾ ಐತಲ್ಲಪ್ಪಾ, ಅದಕ್ಕ ಹಾಸೀನಿ."

"ಸಭಾ ಐತಿ ಅಂತನ ಹೇಳಾಕತ್ತೀನಿ, ತೆಗಿ!"

ಕಾಲೇಜು ಹುಡುಗರು ನಕ್ಕರು. ಮಾವ ಕಂಬಳಿ ಮಡಚಿ ಹಿಂದೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಕಂಬಳಿ ತೊಡೆ ಮೇಲಿಟ್ಟುಕೊಂಡ. ಅವನ ಮುಖ ನೋಡಲಾಗಲಿಲ್ಲ ನನಗೆ. ಜವಾನನನ್ನು ಕಣ್ಣು ಕೆಕ್ಕರಿಸಿ ನೋಡಿದೆ.

ಹನ್ನೆರಡೂವರೆಗೆ ಉದ್ಯಾನದ ಯೋಜನೆ ನೋಡಿಕೊಳ್ಳುವ ಸಾಹೇಬರು ಬಂದರು. ಪರದೆಯ ಮೇಲೆ ನಮ್ಮ ಗುಡ್ಡ ಮೂಡಿತು, ಡ್ರೋನಿನಿಂದ ತೆಗೆದದ್ದು, ಮಳೆಗಾಲದ ಹಸಿರು. ಇಲ್ಲಿ ವಾಹನ ನಿಲುಗಡೆ, ಇಲ್ಲಿ ಟಿಕೆಟ್ ಕೌಂಟರು, ಇಲ್ಲಿ ವೀಕ್ಷಣಾ ಗೋಪುರ, ಇಲ್ಲಿ ಸೆಲ್ಫಿ ಪಾಯಿಂಟು. ದೋಣಿಯ ಸುತ್ತ ಒಂದು ಕೆಂಪು ಗೆರೆ ಇತ್ತು. "ಇದು ವನ್ಯಜೀವಿಗಳಿಗೆ ಮೀಸಲಾದ ಜಲತಾಣ, ಸಂಪೂರ್ಣ ನಿಷೇಧಿತ ವಲಯ," ಎಂದರು. ಮರುಕ್ಷಣವೇ ಅದೇ ದೋಣಿಯ ದಂಡೆಯಲ್ಲಿ ಪ್ರವಾಸಿಗರಿಗೆ ಕಟ್ಟುವ ಮರದ ಅಟ್ಟಣಿಗೆಯ ಚಿತ್ರ ತೋರಿಸಿದರು. ಕುರಿಗೆ ನಿಷೇಧ, ಕ್ಯಾಮೆರಾಕ್ಕೆ ಸ್ವಾಗತ! ಅಬ್ಬಬ್ಬಾ ಎನಿಸಿತು.

ಲಿಂಗಸುಗೂರಿನ ಒಬ್ಬ ಲಾಡ್ಜಿನ ಮಾಲೀಕರು ಎದ್ದು, ಇದರಿಂದ ನಮ್ಮ ಭಾಗ ಉದ್ಧಾರವಾಗುತ್ತದೆ ಎಂದು ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ. ಆಮೇಲೆ ಸಾಹೇಬರು ಹಿಂದಿನ ಸಾಲಿನ ಕಡೆ ನೋಡಿ, "ಗುಡ್ಡದ ಗ್ರಾಮಸ್ಥರು ಬಂದಿದ್ದೀರಂತೆ. ಯಾರಿಗಾದರೂ ತಕರಾರು ಇದೆಯೇ?" ಎಂದು ಕೇಳಿದರು.

ನಮ್ಮವರೆಲ್ಲ ಮಾವನ ಕಡೆ ನೋಡಿದರು. ಮಾವ ನೆಲ ನೋಡಿದ.

"ಮಾವಾ, ಹೇಳು!" ಎಂದು ಮೊಣಕೈಯಿಂದ ತಿವಿದೆ.

"ಕಂಬಳಿ ಹಾಸಿಲ್ಲಬೇ," ಎಂದ ಸಣ್ಣ ದನಿಯಲ್ಲಿ. "ಕುರ್ಚಿ ಮ್ಯಾಲೆ ಕುಂತು ಆಡಿದ್ರ ಅದೇನ್ ಮಾತು? ಹರಟಿ ಆಕ್ಕೈತಿ."

"ಹರಟಿ ಆಗ್ಲಿ ಮಾರಾಯ, ಬಾಯಿ ಬಿಡು!"

ಬಿಡಲಿಲ್ಲ. ಅವನು ಆಡದೆ ಉಳಿದವರೂ ಆಡುವಂತಿಲ್ಲ. ಆ ಹೊತ್ತಿನಲ್ಲಿ ಜವಾನನಿಗಿಂತ ಮಾವನ ಮೇಲೇ ಹೆಚ್ಚು ಸಿಟ್ಟು ಬಂತು, ಮುಚ್ಚಿಡುವುದೇನು. ಇಷ್ಟು ಜನ ಹೊಟ್ಟೆಪಾಡು ಬಿಟ್ಟು ಬಂದು ಮೂಗರ ಹಾಗೆ ಕೂತಿದ್ದಾರಲ್ಲ! ನಾನೇ ಎದ್ದು ನಿಂತೆ.

"ಸರ್, ಕುರಿಗೆ ದೋಣಿ ಹಾದಿ..."

"ತಮ್ಮ ಊರು ಯಾವುದು ಮೇಡಂ?"

"ಸಿಂಧನೂರು. ಆದ್ರ ನಾ ಹುಟ್ಟಿದ್ದು ಆ ಗುಡ್ಡದ ಕೆಳಗ."

"ಈಗ ಇರೋದು ಸಿಂಧನೂರು. ಇದು ಸ್ಥಳೀಯ ಗ್ರಾಮಸ್ಥರ ಅಹವಾಲು ಮೇಡಂ, ದಯವಿಟ್ಟು ಕೂತ್ಕೊಳ್ಳಿ."

"ಹಂಗಾದ್ರ ಲಾಡ್ಜಿನವರು ಯಾವ ಗುಡ್ಡದಾಗ ಇರ್ತಾರ್ರೀ?" ಎಂದೆ ಜೋರಾಗಿ.

ಮೈಕು ಸಾಹೇಬರ ಕೈಯಲ್ಲಿತ್ತು, ನನ್ನ ಕೈಯಲ್ಲಿ ಇರಲಿಲ್ಲ. "ಗ್ರಾಮಸ್ಥರಿಂದ ಯಾವುದೇ ತಕರಾರು ಇಲ್ಲ, ಬರ್ಕೊಳ್ಳಿ," ಎಂದು ಪಕ್ಕದವರಿಗೆ ಹೇಳಿಬಿಟ್ಟರು. ನಾಳೆ ಬೆಳಗ್ಗೆ ಗುಡ್ಡಕ್ಕೇ ಬಂದು ಸ್ಥಳ ನೋಡುವುದಾಗಿಯೂ ಹೇಳಿದರು. ಸಭೆ ಮುಗಿಯಿತು.

ಪಲಾವಿನ ಪೊಟ್ಟಣ ಹಂಚುವಾಗ ಸಾಹೇಬರ ಜೊತೆ ಬಂದಿದ್ದ ಫೋಟೋದವನು ಮಾವನ ಬಳಿ ಬಂದ. "ಅಜ್ಜಾರ, ಆ ಕಂಬಳಿ ಹೆಗಲ ಮ್ಯಾಲೆ ಹಾಕ್ಕೋರಿ, ಫೋಟೋ ಛಲೋ ಬರ್ತೈತಿ." ಹಾಸಲು ಬಿಡದ ಕಂಬಳಿ ಫೋಟೋಕ್ಕೆ ಬೇಕಾಯಿತು! ನಾನು ನಡುವೆ ಹೋಗಿ ನಿಂತು, "ನಡಿ ಮಾವಾ, ಬಸ್ಸಿಗೆ ಹೊತ್ತಾತು," ಎಂದೆ. ಪೊಟ್ಟಣ ಅಲ್ಲೇ ಬಿಟ್ಟು ಬಂದೆವು. ನಿಲ್ದಾಣದ ಕಟ್ಟೆಯ ಮೇಲೆ ನನ್ನ ರೊಟ್ಟಿ ಬಿಚ್ಚಿ, ಹಿಂಡಿ ಹಚ್ಚಿಕೊಂಡು ತಿಂದೆವು.

ಮಸ್ಕಿಗೆ ಬಂದಾಗ ನಾಲ್ಕು ಗಂಟೆ. ಅಲ್ಲಿಂದ ಕ್ರಾಸಿಗೆ, ಕ್ರಾಸಿನಿಂದ ದೊಡ್ಡಿಗೆ ಟಂಟಂ ಆಟೋದಲ್ಲಿ ಹೋದೆವು. ರಸ್ತೆ ಎಂಬುದು ಹೆಸರಿಗೆ. ಕೂತವರ ಹಲ್ಲು ಕಟಕಟ. ಹೊತ್ತು ಇಳಿಯುವ ಮೊದಲು ನೋಡೋಣವೆಂದು ನಾನೂ ಮಾವನೂ ಮನೆಗೆ ಹೋಗದೆ ಗುಡ್ಡದ ಕಡೆ ನಡೆದೆವು. ದೋಣಿಯ ಹಾದಿ ಎರಡು ದೊಡ್ಡ ಬಂಡೆಗಳ ನಡುವೆ ಹಾಯುತ್ತದೆ. ತಲೆತಲಾಂತರ ಕುರಿ ಮೈ ಉಜ್ಜಿ ಆ ಬಂಡೆಗಳ ಬುಡ ನುಣ್ಣಗಾಗಿದೆ. ಆ ಸಂದಿಯ ಎರಡೂ ಬದಿಗೆ ಸಿಮೆಂಟಿನ ಕಂಬ ನಿಂತಿದ್ದವು. ಮುಟ್ಟಿ ನೋಡಿದೆ. ಒಣಗಿ ಗಟ್ಟಿಯಾಗಿದ್ದವು. ಬಾಗಿಲ ಕೀಲು ಕೂರಿಸುವ ಕಬ್ಬಿಣವೂ ಹೊರಗೆ ಚಾಚಿತ್ತು.

"ಇವು ಯಾವಾಗ ನಿಂತವು ಮಾವಾ?"

"ಚಳಿಗಾಲದಾಗ ನಾವು ಕುರಿ ಹೊಡಕೊಂಡು ಹೊಳಿ ಕಡೆ ಹೋಗಿದ್ವಿ. ಬಂದು ನೋಡಿದ್ರ ನಿಂತಿದ್ದವು. ಸರ್ಕಾರದವರು ಬೋರ್ಡ್ ಹಚ್ಚತಾರೇನೋ ಅಂದ್ಕೊಂಡ್ವಿ."

ಕಂಬ ನೆಟ್ಟು, ಸಿಮೆಂಟು ಒಣಗಿದ ಮೇಲೆ ಜನರ ಅಭಿಪ್ರಾಯ ಕೇಳಿದ್ದಾರೆ! ಲಿಂಗಸುಗೂರಿನಲ್ಲಿ ಇದು ಗೊತ್ತಾಗಿದ್ದರೆ ಆ ಬ್ಯಾನರು ಹರಿದುಹಾಕಿ ಬರುತ್ತಿದ್ದೆ. ಕಂಬಕ್ಕೆ ಒದ್ದೆ. ಕಂಬಕ್ಕೇನೂ ಆಗಲಿಲ್ಲ, ಹೆಬ್ಬೆರಳು ಊದಿಕೊಂಡಿತು.

ಮಾವನ ಹೆಂಡತಿ, ನನ್ನ ಅತ್ತೆ ಮಾಳವ್ವ, ಆಗ ತಾನೇ ಕುರಿಗೆ ನೀರು ಕುಡಿಸಿ ಇಳಿದು ಬಂದಳು. ನಡೆದದ್ದನ್ನು ನನ್ನ ಬಾಯಿಂದ ಕೇಳಿದಳು. ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸುಮ್ಮ ಕುಂತು ಬಂದೀಯಾ? ಬರೀ ಕಂಬಳಿ ಹೊತ್ಕೊಂಡು ತಿರುಗಾಡಾಕ ಲಿಂಗಸುಗೂರು ತನಕಾ ಹೋಗಬೇಕಿತ್ತೇನು?"

"ಹಾಸಾಕ ಬಿಡಲಿಲ್ಲಲೇ!"

"ನೆಲಕ್ಕ ಹಾಸಾಕ ಬಿಡಲಿಲ್ಲ, ಬಾಯಿಗೂ ಬೀಗ ಹಾಕಿದ್ರೇನು? ಕುರಿ ಕೇಳ್ತಾವ ನಿನ್ನ, ಯಾಕ ಸುಮ್ಮ ಕುಂತಿ ಅಂತ. ಹೇಳು ಅವಕ್ಕ."

ಉಣ್ಣುವಾಗ ಮಾವ, "ನಾಳೆ ಇಲ್ಲಿಗೇ ಬರ್ತಾರಂತ. ಇದು ನಮ್ಮ ನೆಲ. ಇಲ್ಲಿ ಹಾಸತೀನಿ," ಎಂದ. ಅತ್ತೆ ಅವನ ತಾಟಿಗೆ ಇನ್ನೊಂದು ಸೌಟು ಪುಂಡಿಸೊಪ್ಪಿನ ಪಲ್ಲೆ ಬಡಿಸಿದಳು. ನಾನು ರಾತ್ರಿ ಅಲ್ಲೇ ಉಳಿದೆ.

ಗುರುವಾರ ಬೆಳಗ್ಗೆ ಸಾಹೇಬರ ಜೀಪು ಬಂದಾಗ ಅತ್ತೆ ಬೇಕೆಂದೇ ಕುರಿಗಳನ್ನು ಹಾದಿ ತುಂಬ ಬಿಟ್ಟಿದ್ದಳು. ಹಾರನ್ನು ಹೊಡೆದಷ್ಟೂ ಕುರಿ ಇನ್ನಷ್ಟು ಗುಂಪಾದವು. ಕೊನೆಗೆ ಸಾಹೇಬರು ಇಳಿದು ನಡೆದೇ ಬಂದರು. ಬಂಡೆಗಳ ನೆರಳಿನಲ್ಲಿ ಮಾವ ಕಂಬಳಿ ಹಾಸಿ ಪಕ್ಕದಲ್ಲಿ ಕೈಮುಗಿದು ನಿಂತಿದ್ದ.

"ಬರ್ರಿ ಸಾಹೇಬ್ರ, ಕುಂದರ್ರಿ."

ಸಾಹೇಬರಿಗೆ ಇದು ಸನ್ಮಾನ ಎನಿಸಿರಬೇಕು. ನಗುತ್ತ ಬೂಟು ಬಿಚ್ಚಿ ಕೂತರು. ಫೋಟೋದವನು ಕುಣಿಕುಣಿದು ಫೋಟೋ ಹೊಡೆದ. ದೊಡ್ಡಿಯ ಹಿರಿಯರು ಎದುರು ಕೂತರು. ಹೆಂಗಸರು ಹಿಂದೆ ನಿಂತೆವು. ಈಗ ಮಾವನ ಬಾಯಿ ತೆರೆಯಿತು ನೋಡಿ! ನಿನ್ನೆ ತುಟಿ ಬಿಚ್ಚದ ಮನುಷ್ಯ ತಡವರಿಸದೆ ಹೇಳಿದ. ಗುಡ್ಡ ಕಾಯ್ರಿ, ನಾವೂ ಕಾಯತೀವಿ. ಕರಡಿ ರಾತ್ರಿ ಕುಡೀತಾವ, ನಮ್ಮ ಕುರಿ ಹಗಲ ಕುಡೀತಾವ, ಒಂದಕ್ಕೊಂದು ಜಗಳಿಲ್ಲ. ಈ ಹಾದಿಯೊಂದು ಬಿಡ್ರಿ.

"ಹಾದಿ ಮುಚ್ಚಿದ್ರ ನಾವು ಕುರಿ ಕಟುಕರಿಗೆ ಹೊಡಿಬೇಕ್ರೀ ಯಪ್ಪಾ," ಎಂದಳು ಅತ್ತೆ ಹಿಂದಿನಿಂದ.

ಸಾಹೇಬರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ಅಯ್ಯೋ, ಇಷ್ಟಕ್ಕೆ ಯಾಕಮ್ಮ ಗಾಬರಿ? ಈ ಹಾದಿ ಮುಚ್ಚೋದಿಲ್ಲ. ನಾನು ಹೇಳ್ತಿದ್ದೀನಲ್ಲ, ನಿಮ್ಮ ಕುರಿ ಎಂದಿನ ಹಾಗೆ ಹೋಗ್ಲಿ, ಬರ್ಲಿ."

ಹಿರಿಯರೆಲ್ಲ ಕಂಬಳಿಯ ಅಂಚು ಮುಟ್ಟಿ ಹಣೆಗೆ ಒತ್ತಿಕೊಂಡರು. ಮಾತು ಮುಗಿಯಿತು ಎಂಬುದಕ್ಕೆ ಅದು ಗುರುತು. ನನಗೆ ಮಾತ್ರ ಸಮಾಧಾನ ಇಲ್ಲ. "ಹಂಗಾದ್ರ ಈ ಕಂಬ ಯಾಕ್ರೀ? ಹಾದಿ ಬಿಡ್ತೀವಿ ಅಂತ ಬರೆದು ಕೊಡ್ರಿ," ಎಂದೆ.

ಸಾಹೇಬರು ಬೂಟು ಹಾಕಿಕೊಳ್ಳುತ್ತಿದ್ದರು. ಅವರು ಉತ್ತರಿಸುವ ಮೊದಲೇ ಮಾವ ನನ್ನ ಮೇಲೆ ಹರಿಹಾಯ್ದ.

"ನಿಂಗೀ! ಬುದ್ಧಿ ಐತೇನು? ಕಂಬಳಿ ಮ್ಯಾಲೆ ಕುಂತು ಆಡಿದ ಮಾತಿಗೆ ಚೀಟಿ ಕೇಳ್ತಾರೇನು? ಸಿಂಧನೂರು ಸೇರಿ ನಮ್ಮ ರೀತಿನ ಮರತಿ."

"ನಿಮ್ಮ ಮಾವನವರಿಗೆ ಇರೋ ನಂಬಿಕೆ ನಿಮಗಿಲ್ಲ ಮೇಡಂ," ಎಂದು ಸಾಹೇಬರು ನಕ್ಕು ಜೀಪಿನ ಕಡೆ ನಡೆದರು.

ಮಾವ ಅಷ್ಟು ಗೆಲುವಾಗಿದ್ದನ್ನು ನಾನು ಕಂಡು ಬಹಳ ದಿನವಾಗಿತ್ತು. ಕಂಬಳಿ ಝಾಡಿಸಿ ಮಡಚಿದ. ಹೊರಟಾಗ ನನ್ನ ಕೈಗೆ ಒಂದು ಗಡಿಗೆ ಕುರಿಹಾಲಿನ ಗಿಣ್ಣು ಕೊಟ್ಟು, "ಸಿಟ್ಟು ಮಾಡ್ಕೋಬ್ಯಾಡಬೇ, ಆತಲ್ಲ ಕೆಲಸ," ಎಂದ. ಅವನಿಗೆ ಏನು ಹೇಳಲಿ? ನಿನ್ನೆ ನೀವು ಬಾಯಿ ಮುಚ್ಚಿದ್ದನ್ನು ಅವರು ಒಪ್ಪಿಗೆ ಎಂದು ಬರೆದುಕೊಂಡರು, ಇವತ್ತು ಅವರು ಬಾಯಿ ತೆರೆದದ್ದನ್ನು ನೀವು ವಚನ ಎಂದುಕೊಂಡಿರಿ, ಎರಡೂ ಸಲ ಪೆಟ್ಟು ಬಿದ್ದದ್ದು ನಿಮಗೇ ಎಂದು ಹೇಳಬೇಕಿತ್ತು. ಗಡಿಗೆಯನ್ನು ಕಂಕುಳಿಗೆ ಏರಿಸಿಕೊಂಡೆ. ಹೌದೋ ಏನೋ, ಒಮ್ಮೊಮ್ಮೆ ದೊಡ್ಡವರೂ ಮಾತು ಉಳಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಟಂಟಂ ಸಿಗಲಿಲ್ಲ. ಕ್ರಾಸಿನವರೆಗೆ ನಡೆದೇ ಬಂದೆ. ಊದಿದ ಹೆಬ್ಬೆರಳು ಹೆಜ್ಜೆ ಹೆಜ್ಜೆಗೂ ಬಡಿಯುತ್ತಿತ್ತು. ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಸ್ಕಿ ಕಡೆಯಿಂದ ಟ್ರ್ಯಾಕ್ಟರೊಂದು ಬಂದು ನನ್ನೆದುರು ನಿಂತಿತು. ಚಾಲಕ ಟವೆಲಿನಿಂದ ಮುಖ ಒರೆಸಿಕೊಂಡ.

"ಅಕ್ಕಾರ, ದೋಣಿಗುಡ್ಡಕ್ಕ ಯಾ ಕಡಿ ಹೋಗಬೇಕ್ರೀ?"

ಟ್ರಾಲಿಯಲ್ಲಿ ಕಬ್ಬಿಣದ ಗೇಟು ಮಲಗಿತ್ತು. ಜೋಡಿ ಬಾಗಿಲು, ಹಸಿರು ಬಣ್ಣ, ಬಣ್ಣ ಇನ್ನೂ ಹಸಿ.

"ಇದನ್ನ ಎಲ್ಲಿ ಕೂಡಸ್ತಿ?" ಎಂದು ಕೇಳಿದೆ.

"ಗುಡ್ಡದ ಮ್ಯಾಲೆ ಎರಡು ಬಂಡೆ ನಡುವೆ ಹಾದಿ ಐತಂತಲ್ರೀ, ಅಲ್ಲಿ. ನಾಳೆ ತರೂದಿತ್ತು. ಸಾಹೇಬ್ರು ಜೀಪಿನಾಗ ಹೋಗಾಗ ಈಗ ಫೋನ್ ಮಾಡಿದ್ರು, ಇವತ್ತ ಕೂಡಿಸಿ ಕೀಲಿ ಹಾಕಿ ಬಾ ಅಂದ್ರು."

ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು, "ಬರ್ತೀರೇನಕ್ಕಾ? ಸೀಟು ಅದಾವ," ಎಂದ. ಇಲ್ಲ ಎಂದು ಕೈ ಅಲ್ಲಾಡಿಸಿದೆ. ಗಿಣ್ಣಿನ ಗಡಿಗೆಯನ್ನು ಚಾಲಕನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಟ್ರಾಲಿ ಹತ್ತಿದೆ.

"ಅಕ್ಕಾರ, ಬಣ್ಣ ಹತ್ತತೈತ್ರೀ!"

"ಹತ್ತಲಿ. ದಾರಿ ನಾ ತೋರಸ್ತೀನಿ, ಸಾವಕಾಶ ನಡಿ."

ಟ್ರ್ಯಾಕ್ಟರು ದೊಡ್ಡಿಯ ರಸ್ತೆಗೆ ಹೊರಳಿತು. ಅತ್ತೆಗೆ ಫೋನು ಹಚ್ಚಿದೆ. ಕುರಿ ಎಲ್ಲಿವೆ ಎಂದು ಕೇಳಿದೆ. ನೀರು ಕುಡಿಸಿ ಇಳಿಸಾಕತ್ತೀನಿ ಎಂದಳು.

"ಇಳಸಬ್ಯಾಡ ಅತ್ತೀ. ಬಂಡೆ ನಡುವೆ ಹಾದ್ಯಾಗ ನಿಂದ್ರಸು, ಎಲ್ಲಾರ ಕುರಿನೂ ಕರಿಸು. ಒಂದೂ ಕದಲಬಾರದು."

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನಿಮ್ಮ ಮಾವಗ ಏನ್ ಹೇಳ್ಲಿಬೇ? ಇನ್ನೂ ಮೀಸಿ ತಿರುವಿಕೋತ ಕುಂತಾನ."

"ಗೇಟು ಬರಾಕತ್ತೈತಿ ಅಂತ ಹೇಳು," ಎಂದೆ. "ಅದರ ಮ್ಯಾಲೆ ನಾ ಕುಂತೀನಿ ಅಂತ ಹೇಳು."